ರೈಡಿಂಗ್ ಮೋವರ್ ಬ್ಲೇಡ್ ಸಾಣೆ ಹಿಡಿಸಿದ ಮೇಲೆ ಮಷಿನ್ ನಡುಗುತ್ತಿದೆ, ಏನು ಮಾಡಲಿ?

ಮೈದಾನ_ಬೆಳಗಾವಿ
ಎಲ್ಲರಿಗೂ ನಮಸ್ಕಾರ. ಬೆಳಗಾವಿಯಿಂದ ಖಾನಾಪುರ ಕಡೆ ಹೋಗುವ ರಸ್ತೆಯಲ್ಲಿ ಒಂದು ಶಾಲೆಯ ಮೈದಾನ ನೋಡಿಕೊಳ್ಳುತ್ತೇನೆ. ಎರಡೂವರೆ ಎಕರೆ ಹುಲ್ಲು, ಹೆಚ್ಚಿನದು ಕರಕಿ. ಮೂರು ವರ್ಷದ ಹಿಂದೆ ಸಂಸ್ಥೆಯವರು ಸೆಕೆಂಡ್ ಹ್ಯಾಂಡ್ ರೈಡಿಂಗ್ ಮೋವರ್ ತಂದರು, ಮೇಲೆ ಕುಳಿತು ಓಡಿಸುವ ಹುಲ್ಲಿನ ಮಷಿನ್. 42 ಇಂಚಿನ ಡೆಕ್ (ಬ್ಲೇಡುಗಳನ್ನು ಮುಚ್ಚುವ ತಗಡಿನ ಹೊದಿಕೆ), ಎರಡು ಬ್ಲೇಡ್. ಅದಕ್ಕೂ ಮೊದಲು ಮೂರು ಜನ ಸೇರಿ ತಳ್ಳುವ ಮಷಿನ್ನಿನಲ್ಲಿ ಎರಡು ದಿನ ಕತ್ತರಿಸುತ್ತಿದ್ದೆವು, ಈಗ ನಾನೊಬ್ಬನೇ ಮೂರು ತಾಸಿನಲ್ಲಿ ಮುಗಿಸುತ್ತೇನೆ. ಹಾಗಾಗಿ ಈ ಮಷಿನ್ ಮೇಲೆ ನನಗೆ ಜೀವ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಹುಲ್ಲು ವಾರಕ್ಕೊಮ್ಮೆ ಕತ್ತರಿಸಲೇಬೇಕು. ಈ ಸಲ ಕತ್ತರಿಸಿದ ಮರುದಿನ ನೋಡಿದರೆ ಇಡೀ ಮೈದಾನ ಬೆಳ್ಳಗೆ ಕಾಣುತ್ತಿತ್ತು. ಬ್ಲೇಡ್ ಮೊಂಡಾಗಿದೆ ಅಂತ ಗೊತ್ತಾಯಿತು. ಎರಡೂ ಬಿಚ್ಚಿ ರಸ್ತೆ ಬದಿಯ ಒಂದು ಅಂಗಡಿಗೆ ಕೊಟ್ಟೆ. ಐದು ನಿಮಿಷದಲ್ಲಿ ಕಿಡಿ ಹಾರಿಸಿ ಕೊಟ್ಟುಬಿಟ್ಟರು. ಅಂಚು ಕ್ಷೌರದ ಕತ್ತಿಯ ಹಾಗೆ ತೆಳ್ಳಗೆ, ಪಕ್ಕದಲ್ಲಿ ನವಿಲಿನ ಕುತ್ತಿಗೆಯ ಹಾಗೆ ನೀಲಿ ಬಣ್ಣ. ಚೆನ್ನಾಗಿ ಮಾಡಿದ್ದಾರೆ ಅಂತಲೇ ಅಂದುಕೊಂಡೆ. ಹಾಕಿ ಶುರು ಮಾಡಿದರೆ ಸ್ಟೇರಿಂಗ್ ಹಿಡಿದ ಕೈ ಜುಂ ಅನ್ನುವಷ್ಟು ನಡುಕ. ಎರಡನೇ ಕಟಾವಿಗೇ ಅಂಚು ಮತ್ತೆ ಹೋಯಿತು. ಈಗ ಎಡಗಡೆ ಸ್ಪಿಂಡಲ್‌ನಿಂದ (ಬ್ಲೇಡ್ ತಿರುಗಿಸುವ ದಂಡ) ಗರಗರ ಸದ್ದು ಬರುತ್ತಿದೆ. ಬ್ಲೇಡಿನ ತಪ್ಪೋ, ಹರಿತ ಮಾಡಿದ್ದರ ತಪ್ಪೋ, ಬೇರೇನಾದರೂ ಇದೆಯೋ? ಮುಂದೆ ನಾನೇ ಮಾಡಿಕೊಳ್ಳಬೇಕು ಅಂತಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ.

ಉದ್ಯಮಬಾಗ_ಫಿಟ್ಟರ್
ಸರ್, ಮೊದಲು ಮಷಿನ್ ನಿಲ್ಲಿಸಿ. ಆ ಗರಗರ ಸದ್ದು ಬೇರಿಂಗ್‌ನದು. ಹಾಗೇ ಓಡಿಸಿದರೆ ಸ್ಪಿಂಡಲ್ ಕೂರುವ ಮನೆಯೂ ಕೆಡುತ್ತದೆ, ಅದು ಅಲ್ಯೂಮಿನಿಯಂ, ದುಬಾರಿ.

ನಾನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ 31 ವರ್ಷದಿಂದ ಮಷಿನ್ ಶಾಪಿನಲ್ಲಿ ಇದ್ದೇನೆ. ನೀವು ಬರೆದಿದ್ದರಲ್ಲಿ ಎರಡು ಮಾತು ಓದಿ ಸಂಕಟ ಆಯಿತು, ಒಂದು ನೀಲಿ, ಇನ್ನೊಂದು ನಡುಕ. ಎರಡೂ ಬೇರೆ ಬೇರೆ ತಪ್ಪು.

ಉಕ್ಕನ್ನು ಗ್ರೈಂಡರ್ ಕೆಳಗೆ ಒತ್ತಿ ಹಿಡಿದರೆ ಬಿಸಿಯಾಗುತ್ತಾ ಬಣ್ಣ ಬದಲಿಸುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ನೀಲಿ ಕಂಡಿತು ಅಂದರೆ ಅಲ್ಲಿ ಸುಮಾರು 300 ಡಿಗ್ರಿ ಮುಟ್ಟಿದೆ. ಬ್ಲೇಡಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಆ ಅಂಚಿನಲ್ಲಿ ಹೋಯಿತು. ಅದಕ್ಕೇ ಎರಡೇ ಕಟಾವಿಗೆ ಮೊಂಡಾಗಿದ್ದು. ನೀರಿನಲ್ಲಿ ಅದ್ದಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನೀಲಿ ಬಂದ ಮೇಲೆ ಅದ್ದಿ ಉಪಯೋಗವಿಲ್ಲ, ಬರುವ ಮೊದಲೇ ಅದ್ದಬೇಕು. ನನ್ನ ಲೆಕ್ಕ ಸರಳ, ಉಜ್ಜಿದ ಜಾಗಕ್ಕೆ ಬೆರಳು ಇಟ್ಟರೆ ತಡೆಯಬೇಕು. ತಡೆಯದಿದ್ದರೆ ಕೈ ನಿಲ್ಲಿಸಿ.

ಇನ್ನು ನಡುಕ. ಒಂದು ಬದಿ ಜಾಸ್ತಿ ಉಜ್ಜಿದ್ದಾರೆ, ಇನ್ನೊಂದು ಬದಿ ಕಡಿಮೆ. ಬರೀ 10 ಗ್ರಾಂ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. 21 ಇಂಚಿನ ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ 10 ಗ್ರಾಂ ತುದಿಯಲ್ಲಿ ಕುಳಿತು ಸ್ಪಿಂಡಲ್ಲನ್ನು ಸುಮಾರು 27 ಕೆ.ಜಿ. ಬಲದಿಂದ ಹೊರಗೆ ಎಳೆಯುತ್ತದೆ. ಅದೂ ಸೆಕೆಂಡಿಗೆ 50 ಸಲ ದಿಕ್ಕು ತಿರುಗಿಸುತ್ತಾ. ಯಾವ ಬೇರಿಂಗ್ ತಡೆಯುತ್ತೆ ಹೇಳಿ? ನನ್ನ ಕೇಳಿದರೆ ಬ್ಲೇಡ್ ಸ್ವಲ್ಪ ಮೊಂಡು ಇದ್ದರೂ ನಡೆಯುತ್ತದೆ, ತೂಕ ತಪ್ಪಿದ್ದು ನಡೆಯುವುದೇ ಇಲ್ಲ.

ಲಾನ್_ಅಕ್ಕ_ನವನಗರ
ಫಿಟ್ಟರ್ ಅಣ್ಣಾವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಬಾಗಲಕೋಟೆ ನವನಗರದಲ್ಲಿ ನಮ್ಮದು ಮದುವೆ ಲಾನ್ ಇದೆ. ನಾವೂ ಒಂದು ವರ್ಷ ಮೂರು ಬೇರಿಂಗ್ ಬದಲಿಸಿದೆವು, ಬೇರಿಂಗೇ ಕಳಪೆ ಅಂತ ಅಂದುಕೊಂಡಿದ್ದೆವು. ಆಮೇಲೆ ನಮ್ಮ ಹುಡುಗ ಗೋಡೆಗೆ ಮೊಳೆ ಹೊಡೆದು ಬ್ಲೇಡನ್ನು ನಡು ತೂತಿನಿಂದ ನೇತುಹಾಕಿ ನೋಡಿದ. ಒಂದು ಕಡೆ ತಕ್ಷಣ ಕೆಳಗೆ ಬಿತ್ತು! ತಿರುಗಿಸಿ ಹಾಕಿದರೂ ಅದೇ ಬದಿ ಕೆಳಗೆ. ಭಾರದ ಬದಿಯನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ಮೊಳೆಗೆ ಹಾಕಿ, ಹೀಗೆ ಏಳೆಂಟು ಸಲ ಮಾಡಿದ ಮೇಲೆ ತಕ್ಕಡಿಯ ಹಾಗೆ ನೆಟ್ಟಗೆ ನಿಂತಿತು. ಅದಾದ ಮೇಲೆ ಎರಡು ಸೀಸನ್ ಆಯಿತು, ಬೇರಿಂಗ್ ಅಂಗಡಿಗೆ ಹೋಗಿಲ್ಲ.

ನಮ್ಮಲ್ಲಿ ಮುಹೂರ್ತದ ಹಿಂದಿನ ದಿನವೇ ಹುಲ್ಲು ಕತ್ತರಿಸುವುದು. ಮೊಂಡು ಬ್ಲೇಡಿನಿಂದ ಹರಿದ ಹುಲ್ಲು ಮರುದಿನ ಬೆಳ್ಳಗಾಗಿ ಫೋಟೋದಲ್ಲಿ ಎದ್ದು ಕಾಣುತ್ತದೆ. ಒಂದು ಎಲೆ ಕಿತ್ತು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಹರಿತ ಇದ್ದರೆ ತುದಿ ಕತ್ತರಿಯಲ್ಲಿ ಕತ್ತರಿಸಿದ ರಿಬ್ಬನ್ ಹಾಗೆ ಇರುತ್ತದೆ, ಇಲ್ಲದಿದ್ದರೆ ನಾರು ನಾರು.

ಮೈದಾನ_ಬೆಳಗಾವಿ
ಅಕ್ಕಾವ್ರೇ, ಈಗಲೇ ಹೋಗಿ ನೋಡಿ ಬಂದೆ. ನಾರು ನಾರೇ ಇದೆ. ಮೊಳೆ ಪರೀಕ್ಷೆಯನ್ನೂ ಮಾಡಿದೆ, ಎಡಗಡೆ ಬ್ಲೇಡ್ ಕೈ ಬಿಟ್ಟ ಕೂಡಲೇ ವಾಲಿತು. ಬಲಗಡೆಯದು ಪರವಾಗಿಲ್ಲ.

ಫಿಟ್ಟರ್ ಕಾಕಾ, 31 ವರ್ಷ ಅಂದಿರಿ, ಕಾಕಾ ಅಂತಲೇ ಕರೆಯುತ್ತೇನೆ. ಬಿಚ್ಚುವುದು, ಉಜ್ಜುವುದು ಮೊದಲಿನಿಂದ ಹೇಳಿಕೊಡುತ್ತೀರಾ? ಕಳೆದ ಸಲ ಮಷಿನ್ನನ್ನು ಒಂದು ಮಗ್ಗುಲಿಗೆ ಎತ್ತಿ ಬಿಚ್ಚಿದ್ದೆ, ಆಮೇಲೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ಬಂತು.

ಉದ್ಯಮಬಾಗ_ಫಿಟ್ಟರ್
ಹೊಗೆ ಬಂದಿದ್ದು ಎಂಜಿನ್ ಆಯಿಲ್ ಸಿಲಿಂಡರಿಗೆ ಇಳಿದಿದ್ದಕ್ಕೆ ತಮ್ಮಾ. ರೈಡಿಂಗ್ ಮಷಿನ್ನನ್ನು ಮಗ್ಗುಲಿಗೆ ಕೆಡವಬೇಡ. ಮುಂದಿನ ಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಹಿಂದಿನ ಗಾಲಿಗೆ ಕಲ್ಲು ಕೊಡು. ಬರೀ ಜಾಕಿನ ಮೇಲೆ ನಂಬಿಕೆ ಇಟ್ಟು ಕೈ ಒಳಗೆ ಹಾಕಬಾರದು. ಇನ್ನೂ ಒಳ್ಳೆಯದು ಅಂದರೆ ಡೆಕ್ಕನ್ನೇ ಬಿಚ್ಚಿ ಹೊರಗೆ ಎಳೆದುಕೊಳ್ಳುವುದು. ಬೆಲ್ಟ್ ಜಾರಿಸಿ ನಾಲ್ಕೈದು ಪಿನ್ ತೆಗೆದರೆ ಬರುತ್ತದೆ, ಅರ್ಧ ತಾಸಿನ ಕೆಲಸ.

ಇದಕ್ಕೆಲ್ಲ ಮೊದಲು ಕೀ ತೆಗೆದು ಜೇಬಿಗೆ ಹಾಕು. ಸ್ಪಾರ್ಕ್ ಪ್ಲಗ್ ವೈರ್ ಕಿತ್ತು ದೂರ ಇಡು. ಎರಡು ಸಿಲಿಂಡರ್ ಇದ್ದರೆ ಎರಡೂ ವೈರ್. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ, ಕೈಯಿಂದ ಬ್ಲೇಡ್ ತಿರುಗಿಸಿದಾಗ ಎಂಜಿನ್ ಒಂದೇ ಒಂದು ಸಲ ಕೆಮ್ಮಿದರೂ ಬೆರಳು ಉಳಿಯುವುದಿಲ್ಲ. ಚರ್ಮದ ಕೈಗವಸು ಹಾಕು.

ಡೆಕ್ ಮತ್ತು ಬ್ಲೇಡ್ ನಡುವೆ ಕಟ್ಟಿಗೆಯ ತುಂಡು ಸಿಕ್ಕಿಸಿದರೆ ಬ್ಲೇಡ್ ತಿರುಗುವುದಿಲ್ಲ, ಆಗ ಉದ್ದ ಹಿಡಿಕೆಯ ಪಾನಾ ಹಾಕಿ ಬೋಲ್ಟ್ ಸಡಿಲಿಸು. ಹೆಚ್ಚಿನವು ಮಾಮೂಲಿ ಮರೆ (ಥ್ರೆಡ್), ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಕೆಲವು ಮಷಿನ್ನಿನಲ್ಲಿ ಉಲ್ಟಾ ಮರೆ ಇರುತ್ತದೆ. ಬರದಿದ್ದರೆ ಪೈಪ್ ಹಾಕಿ ಜಗ್ಗುವ ಮೊದಲು ಮ್ಯಾನ್ಯುಯಲ್ ನೋಡು. ಬಿಚ್ಚುವ ಮೊದಲು ನೆಲದ ಕಡೆ ಇರುವ ಮುಖಕ್ಕೆ ಬಣ್ಣದ ಗುರುತು ಹಾಕು. ಬ್ಲೇಡ್ ತಲೆಕೆಳಗಾಗಿ ಹಾಕಿ ಹುಲ್ಲು ಯಾಕೆ ಕತ್ತರಿಸುತ್ತಿಲ್ಲ ಅಂತ ಕೇಳಿಕೊಂಡು ನನ್ನ ಹತ್ತಿರ ಬಂದವರು ಬಹಳ ಜನ ಇದ್ದಾರೆ. ರೆಕ್ಕೆಯ ಹಾಗೆ ಮೇಲೆದ್ದ ಭಾಗ ಯಾವಾಗಲೂ ಡೆಕ್ ಕಡೆಗೆ ಇರಬೇಕು.

ಉಜ್ಜುವುದು ಮೇಲಿನ ಮುಖ ಮಾತ್ರ, ಇಳಿಜಾರು ಇರುವ ಕಡೆ. ಕೆಳಗಿನ ಮುಖ ಚಪ್ಪಟೆ ಇರಬೇಕು, ಅಲ್ಲಿ ಎದ್ದ ಮುಳ್ಳನ್ನು ಅರದಿಂದ ಒಂದು ಸಲ ಸವರಿದರೆ ಸಾಕು. ಕಾರ್ಖಾನೆಯಿಂದ ಬಂದ ಇಳಿಜಾರು ಸುಮಾರು 30 ಡಿಗ್ರಿ ಇರುತ್ತದೆ, ಅದನ್ನೇ ಅನುಸರಿಸು. ವೈಸಿನಲ್ಲಿ ಬಿಗಿದು, ದೊಡ್ಡ ಚಪ್ಪಟೆ ಕಾನಸ (ಅರ) ಹಿಡಿದು ಮುಂದಕ್ಕೆ ಮಾತ್ರ ತಳ್ಳು, ಹಿಂದಕ್ಕೆ ಎಳೆಯುವಾಗ ಎತ್ತಿಕೋ. ಈ ಬ್ಲೇಡ್ ಕಾನಸಕ್ಕೆ ಬಗ್ಗುತ್ತದೆ, ಬೇಕೆಂದೇ ಅಷ್ಟು ಮೆದು ಇಟ್ಟಿರುತ್ತಾರೆ. ಕಲ್ಲಿಗೆ ಬಡಿದರೆ ಬಾಗಬೇಕು, ಗಾಜಿನ ಹಾಗೆ ಸಿಡಿಯಬಾರದು ಅಂತ. ಗ್ರೈಂಡರ್ ಇದ್ದರೆ ನಾಲ್ಕು ಇಂಚಿನದಕ್ಕೆ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಪಟ್ಟಿಗಳ ಚಕ್ರ) ಹಾಕು, ಗಟ್ಟಿ ಕಲ್ಲಿನ ಡಿಸ್ಕ್ ಬೇಡ. ಎರಡು ಸಲ ಸವರು, ನಿಲ್ಲಿಸು, ಇನ್ನೊಂದು ಬದಿಗೂ ಎರಡೇ ಸಲ ಸವರು. ಎಣಿಸಿಕೊಂಡು ಮಾಡು.

ಎಷ್ಟು ಹರಿತ? ಬೆಣ್ಣೆ ಹಚ್ಚುವ ಚಾಕುವಿನಷ್ಟು. ಬೆರಳು ಹಾಯಿಸಿದರೆ ಅಂಚು ಗೊತ್ತಾಗಬೇಕು, ರಕ್ತ ಬರಬಾರದು. ಕ್ಷೌರದ ಕತ್ತಿ ಮಾಡಿದರೆ ಮೊದಲ ಮುರುಮಿನ ಕಲ್ಲಿಗೇ ಅಂಚು ಮಡಚಿಕೊಳ್ಳುತ್ತದೆ.

ಮೇವಿನ_ಮಷಿನ್_ಗೋಕಾಕ
ಇಲ್ಲೊಂದು ಪ್ರಶ್ನೆ. ನಮ್ಮ ಮೇವು ಕತ್ತರಿಸುವ ಮಷಿನ್ನಿನ ಬ್ಲೇಡನ್ನು ಎಷ್ಟು ತೆಳ್ಳಗೆ ಮಾಡಿದರೆ ಅಷ್ಟು ಚೆನ್ನಾಗಿ ಜೋಳದ ದಂಟು ಕತ್ತರಿಸುತ್ತದೆ. ಹುಲ್ಲಿನ ಮಷಿನ್ನಿಗೆ ಯಾಕೆ ಬೇರೆ ಲೆಕ್ಕ?

ಉದ್ಯಮಬಾಗ_ಫಿಟ್ಟರ್
ಒಳ್ಳೆ ಪ್ರಶ್ನೆ. ಮೇವಿನ ಮಷಿನ್ನಿನಲ್ಲಿ ದಂಟಿಗೆ ಕೆಳಗಿನ ಪಟ್ಟಿಯ ಆಸರೆ ಇದೆ, ಬ್ಲೇಡ್ ಬಂದು ಅದರ ವಿರುದ್ಧ ಕತ್ತರಿಯ ಹಾಗೆ ಕತ್ತರಿಸುತ್ತದೆ. ಅಲ್ಲಿ ತೆಳು ಅಂಚು, ಪಟ್ಟಿಗೂ ಬ್ಲೇಡಿಗೂ ಸಣ್ಣ ಸಂದು, ಎರಡೂ ಮುಖ್ಯ. ಹುಲ್ಲಿನ ಮಷಿನ್ನಿನಲ್ಲಿ ಹುಲ್ಲಿಗೆ ಯಾವ ಆಸರೆಯೂ ಇಲ್ಲ. ಗಾಳಿಯಲ್ಲಿ ನಿಂತ ಎಲೆಯನ್ನು ಬರೀ ವೇಗದಿಂದ ಹೊಡೆದು ಕತ್ತರಿಸಬೇಕು. ನಾನು ಹೇಳಿದ 21 ಇಂಚಿನ ಬ್ಲೇಡ್ 3000 ಸುತ್ತಿನಲ್ಲಿ ತುದಿಗೆ ಗಂಟೆಗೆ 300 ಕಿ.ಮೀ. ವೇಗ ಮುಟ್ಟುತ್ತದೆ. ಅಮೆರಿಕದ ಸುರಕ್ಷತಾ ಮಾನದಂಡದಲ್ಲಿ ತುದಿಯ ವೇಗ ನಿಮಿಷಕ್ಕೆ 19,000 ಅಡಿ ದಾಟಬಾರದು ಅಂತ ಮಿತಿಯೇ ಇದೆ, ಅಂದರೆ ಗಂಟೆಗೆ ಸುಮಾರು 347 ಕಿ.ಮೀ. ಆ ವೇಗದಲ್ಲಿ ಅಂಚಿಗೆ ಬೇಕಾಗುವುದು ಗಟ್ಟಿತನ. ಕೆಲಸ ಹೆಚ್ಚಾಗಿ ತುದಿಯ ಎರಡು ಮೂರು ಇಂಚಿನಲ್ಲೇ ಆಗುತ್ತದೆ.

ಅಥಣಿ_ಹುಡುಗ
ಇಷ್ಟೆಲ್ಲ ಯಾಕೆ? ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿಸಿ ಉಜ್ಜಿದರೆ ಹೊಸದರ ಹಾಗೆ ಆಗುತ್ತದೆ ಅಲ್ವಾ. ಇಲ್ಲದಿದ್ದರೆ ಲಾರಿಯ ಕಮಾನ್ ಪಟ್ಟಿ ಕತ್ತರಿಸಿ ಬ್ಲೇಡ್ ಮಾಡಿಕೊಳ್ಳಬಹುದು. ನಮ್ಮೂರಲ್ಲಿ ಕಂಬಾರರು ಕುಡಗೋಲು, ಕೊಡಲಿ ಎಲ್ಲ ಅದರಲ್ಲೇ ಮಾಡುತ್ತಾರೆ, ಎಷ್ಟು ಗಟ್ಟಿ ಇರುತ್ತವೆ.

ಉದ್ಯಮಬಾಗ_ಫಿಟ್ಟರ್
ಬೇಡ ತಮ್ಮಾ. ದಯವಿಟ್ಟು ಬೇಡ.

ವೆಲ್ಡಿಂಗ್ ಮಾಡಿದ ಗೆರೆಯ ಪಕ್ಕದಲ್ಲಿ ಉಕ್ಕು ಗಡಸಾಗಿ ಸಣ್ಣ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಿರುಗುವಾಗ ಆ ತುಂಡು ಕಿತ್ತು ಬಂದರೆ ಅದು ಗುಂಡಿನ ಹಾಗೆ ಹೊರಗೆ ಹೋಗುತ್ತದೆ. ಇವರದು ಶಾಲೆಯ ಮೈದಾನ, ಮಕ್ಕಳು ಅಲ್ಲೇ ಇರುತ್ತಾರೆ. ಬಾಗಿದ ಬ್ಲೇಡನ್ನು ಬಡಿದು ನೆಟ್ಟಗೆ ಮಾಡುವುದೂ ಅಷ್ಟೇ ಅಪಾಯ.

ಕಮಾನ್ ಪಟ್ಟಿಯ ಕುಡಗೋಲು ಒಳ್ಳೆಯದೇ, ಅದು ನಮ್ಮ ಕೈ ವೇಗದಲ್ಲಿ ಓಡುತ್ತದೆ. ಅದನ್ನೇ 300 ಕಿ.ಮೀ. ವೇಗದಲ್ಲಿ ತಿರುಗಿಸಿ ಕಲ್ಲಿಗೆ ಬಡಿದರೆ, ಹದ ಸ್ವಲ್ಪ ಜಾಸ್ತಿ ಗಡಸಾಗಿದ್ದರೂ ಬಾಗುವುದಿಲ್ಲ, ಮುರಿಯುತ್ತದೆ. ಅದಕ್ಕೆ ಹುಲ್ಲು ಎತ್ತುವ ರೆಕ್ಕೆಯೂ ಇರುವುದಿಲ್ಲ, ತೂಕವೂ ಸಮ ಇರುವುದಿಲ್ಲ. ನಮ್ಮ ಬೆಳಗಾವಿ ಫೌಂಡ್ರಿಗಳ ಊರು, ಇಲ್ಲಿ ಏನು ಬೇಕಾದರೂ ಎರಕ ಹೊಯ್ದು ಕೊಡುತ್ತಾರೆ, ನಾನೂ ಬಹಳಷ್ಟು ಸಾಮಾನು ಕೈಯಾರೆ ಮಾಡಿದ್ದೇನೆ. ಈ ಒಂದು ಸಾಮಾನನ್ನು ಮಾತ್ರ ನಾನು ಮಾಡುವುದಿಲ್ಲ, ಯಾರಿಗೂ ಮಾಡಿಕೊಟ್ಟಿಲ್ಲ.

ಅಥಣಿ_ಹುಡುಗ
ಸರಿ ಕಾಕಾ. ಇಷ್ಟು ವೇಗ ಇರುತ್ತದೆ ಅಂತ ಗೊತ್ತಿರಲಿಲ್ಲ.

ಗುಮ್ಮಟದ_ಊರು
ವಿಜಯಪುರದಿಂದ ಬರೆಯುತ್ತಿದ್ದೇನೆ. ಇಲ್ಲಿ ಎರಡು ಲೇಔಟ್ ಪಾರ್ಕಿನ ಕಾಂಟ್ರಾಕ್ಟ್ ನಮ್ಮದು. ಯಾರೂ ಹೇಳದ ಒಂದು ವಿಷಯ ಇದೆ, ಉಸುಕು.

ನಮ್ಮದು ಎರೆ ಮಣ್ಣು, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಅಂಟುತ್ತದೆ. ಅದಕ್ಕೆ ಲಾನ್ ಮೇಲೆ ವರ್ಷಕ್ಕೊಮ್ಮೆ ಉಸುಕು ಹರಡಿ ಸಮ ಮಾಡುತ್ತೇವೆ. ಹಾಗೆ ಮಾಡಿದ ಮೇಲಿನ ಮೊದಲ ನಾಲ್ಕೈದು ಕಟಾವು ಬ್ಲೇಡಿಗೆ ಉಜ್ಜುಕಾಗದ ತಿಕ್ಕಿದ ಹಾಗೆ. ಅಂಚು ಸವೆಯುವುದು ಎಲ್ಲರಿಗೂ ಕಾಣುತ್ತದೆ. ಆದರೆ ಜಾಸ್ತಿ ಸವೆಯುವುದು ಅಂಚಿನ ಹಿಂದೆ, ಚಪ್ಪಟೆ ಭಾಗ ಮೇಲಕ್ಕೆ ಬಾಗಿ ರೆಕ್ಕೆ ಶುರುವಾಗುವ ಜಾಗ. ಗಾಳಿಯ ಜೊತೆ ಮೇಲೆದ್ದ ಉಸುಕು ಅಲ್ಲೇ ಸುತ್ತುತ್ತದೆ. ಅಲ್ಲಿ ಬ್ಲೇಡ್ ಕಾಗದದಷ್ಟು ತೆಳು ಆಗಿ, ಕೊನೆಗೆ ಸಣ್ಣ ಸೀಳು ಬಿದ್ದು, ಒಂದು ದಿನ ರೆಕ್ಕೆ ಹಾರಿಹೋಗುತ್ತದೆ. ನಮ್ಮ ಒಂದು ಬ್ಲೇಡಿನ ರೆಕ್ಕೆ ಡೆಕ್ಕಿನ ತಗಡು ಸೀಳಿಕೊಂಡು ಹೊರಗೆ ಬಂದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ, ದೇವರ ದಯೆ. ಆ ಡೆಕ್ಕಿನ ತೂತನ್ನು ನಾನು ಹೊಸಬರಿಗೆಲ್ಲ ತೋರಿಸುತ್ತೇನೆ.

ಸರ್, ನಿಮ್ಮ ಬ್ಲೇಡಿನಲ್ಲಿ ಆ ಜಾಗ ಹೆಬ್ಬೆರಳು ತೋರುಬೆರಳಿನಿಂದ ಹಿಡಿದು ನೋಡಿ. ನಡುವಿನ ದಪ್ಪಕ್ಕೂ ಅಲ್ಲಿನ ದಪ್ಪಕ್ಕೂ ಹೋಲಿಸಿ. ಅರ್ಧಕ್ಕೆ ಬಂದಿದ್ದರೆ ಅಂಚು ಎಷ್ಟು ಚೆನ್ನಾಗಿದ್ದರೂ ಆ ಬ್ಲೇಡ್ ಮುಗಿಯಿತು.

ಇನ್ನೊಂದು ಮಾತು. ರೆಕ್ಕೆ ಎತ್ತರ ಇರುವ ಹೈ ಲಿಫ್ಟ್ ಬ್ಲೇಡ್ ಗಾಳಿ ಜಾಸ್ತಿ ಎಳೆಯುತ್ತದೆ, ದಟ್ಟ ಹುಲ್ಲಿಗೆ ಒಳ್ಳೆಯದು. ಉಸುಕು, ಧೂಳು ಇರುವಲ್ಲಿ ಅದು ಬೇಗ ಸವೆಯುತ್ತದೆ. ನಾವು ಈಗ ರೆಕ್ಕೆ ತಗ್ಗಿರುವ ಲೋ ಲಿಫ್ಟ್ ಹಾಕುತ್ತೇವೆ. ಧೂಳೂ ಕಡಿಮೆ ಏಳುತ್ತದೆ, ಏರ್ ಫಿಲ್ಟರ್ ಕೂಡ ಹೆಚ್ಚು ದಿನ ಬರುತ್ತದೆ.

ಲಾನ್_ಅಕ್ಕ_ನವನಗರ
ಈ ವಿಷಯ ನನಗೂ ಗೊತ್ತಿರಲಿಲ್ಲ ಅಣ್ಣಾ. ಬೆಳಿಗ್ಗೆಯೇ ಹುಡುಗನಿಗೆ ಬಿಚ್ಚಲು ಹೇಳುತ್ತೇನೆ, ಈ ವಾರ ಎರಡು ಕಾರ್ಯಕ್ರಮ ಇವೆ.

ಮೈದಾನ_ಬೆಳಗಾವಿ
ನಾಲ್ಕು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಮಳೆ ಬಿಡಲೇ ಇಲ್ಲ. ಆ ನಡುವೆ ಡೆಕ್ ಬಿಚ್ಚಿ ಶೆಡ್ಡಿಗೆ ಎಳೆದುಕೊಂಡೆ.

ಡೆಕ್ಕಿನ ಒಳಗೆ ಎರಡು ಇಂಚು ದಪ್ಪ ಹಸಿ ಹುಲ್ಲಿನ ಪದರ ಗಟ್ಟಿಯಾಗಿ ಅಂಟಿತ್ತು, ಸಗಣಿ ಸಾರಿಸಿದ ಹಾಗೆ. ಕಟ್ಟಿಗೆಯ ತುಂಡಿನಿಂದ ಕೆರೆದೆ. ಕೆಳಗಿನ ತಗಡು ಅಲ್ಲಲ್ಲಿ ತುಕ್ಕು ಹಿಡಿದಿದೆ. ಒದ್ದೆ ಹುಲ್ಲು ಕತ್ತರಿಸಿ ಹಾಗೇ ನಿಲ್ಲಿಸುತ್ತಿದ್ದೆ, ಆ ಚಾಳಿ ಬಿಡಬೇಕು.

ಎಡಗಡೆ ಬ್ಲೇಡ್, ವಿಜಯಪುರದ ಅಣ್ಣ ಹೇಳಿದ ಜಾಗ ಬೆರಳಿನಿಂದ ಹಿಡಿದೆ. ನಂಬಲಿಕ್ಕೆ ಆಗಲಿಲ್ಲ. ಬಾಗಿಲ ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಸೀಳಿನಿಂದ ಬೆಳಕು ಬರುತ್ತಿತ್ತು. ಅದನ್ನು ನಾನು ಮೊದಲು ಎರಡು ಸಲ ಕೈಯಲ್ಲಿ ಹಿಡಿದಿದ್ದೇನೆ, ಅಂಚು ಮಾತ್ರ ನೋಡಿ ಒಳಗೆ ಹಾಕಿದ್ದೇನೆ. ಮುಖ್ಯ ಗುರುಗಳಿಗೆ ಒಯ್ದು ತೋರಿಸಿದೆ. ಏನೂ ಮಾತಾಡದೆ ಹೊಸ ಬ್ಲೇಡಿಗೆ ಸಹಿ ಹಾಕಿದರು.

ಬೇರಿಂಗ್ ಬಗ್ಗೆ ಹೇಳಿ ಕಾಕಾ, ಯಾವುದು ತರಬೇಕು?

ಉದ್ಯಮಬಾಗ_ಫಿಟ್ಟರ್
ಆ ಬ್ಲೇಡನ್ನು ಗುಜರಿಗೆ ಹಾಕುವ ಮೊದಲು ಎರಡು ತುಂಡು ಮಾಡು, ಬೇರೆ ಯಾರಾದರೂ ಒಯ್ದು ಹಾಕಿಕೊಂಡಾರು. ಬ್ಲೇಡ್ ಜೋಡಿಯಾಗಿಯೇ ಬದಲಿಸು. ನಡು ತೂತಿನ ಆಕಾರ ನೋಡಿ ತರಬೇಕು, ಕೆಲವಕ್ಕೆ ದುಂಡಗೆ, ಕೆಲವಕ್ಕೆ ನಕ್ಷತ್ರದ ಆಕಾರ ಇರುತ್ತದೆ. ಉದ್ದವೂ ಅಷ್ಟೇ ಇರಬೇಕು.

ಬೇರಿಂಗ್ ಸಾಮಾನ್ಯವಾಗಿ 6203 ಅಥವಾ 6204, ಎರಡೂ ಬದಿ ರಬ್ಬರ್ ಸೀಲ್ ಇರುವುದು. ಮೋಟಾರ್ ರಿವೈಂಡಿಂಗ್ ಮಾಡುವವರೂ ಇದನ್ನು ಬಳಸುತ್ತಾರೆ. ಆದರೆ ಹುಷಾರು, ಮಾಮೂಲಿ 6203ರ ಒಳ ವ್ಯಾಸ 17 ಮಿ.ಮೀ., ಕೆಲವು ಮೋವರ್‌ಗಳಲ್ಲಿ ಹೊರಗಿನ ಅಳತೆ ಅದೇ ಇದ್ದು ಒಳ ವ್ಯಾಸ ಇಂಚಿನ ಲೆಕ್ಕದಲ್ಲಿ ಇರುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗು. ಒಂದು ಸ್ಪಿಂಡಲ್ಲಿಗೆ ಮೇಲೊಂದು ಕೆಳಗೊಂದು ಬೇರಿಂಗ್, ಎರಡನ್ನೂ ಬದಲಿಸು. ಕೂರಿಸುವಾಗ ಹೊರಗಿನ ಬಳೆಗೆ ಮಾತ್ರ ಪೆಟ್ಟು ಬೀಳಬೇಕು, ಒಳಗಿನ ಬಳೆಗೆ ಹೊಡೆದರೆ ಹೊಸ ಬೇರಿಂಗ್ ಅಲ್ಲೇ ಹಾಳು. ದೊಡ್ಡ ಸಾಕೆಟ್ ಇಟ್ಟು ಮೆಲ್ಲಗೆ ಬಡಿ, ಇಲ್ಲಾ ಅದನ್ನು ನನ್ನ ಹತ್ತಿರ ತೆಗೆದುಕೊಂಡು ಬಾ, ಪ್ರೆಸ್ ಇದೆ.

ಜೋಡಿಸಿದ ಮೇಲೆ ಬ್ಲೇಡಿನ ತುದಿಯಿಂದ ನೆಲಕ್ಕೆ ಅಳತೆ ತೆಗಿ. ಬ್ಲೇಡನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ತುದಿಯನ್ನು ಅದೇ ಜಾಗದಲ್ಲಿ ಅಳೆ. 3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬ್ಲೇಡ್ ಬಾಗಿದೆ ಅಥವಾ ಸ್ಪಿಂಡಲ್ ಬಾಗಿದೆ. ಹೊಸ ಬ್ಲೇಡಿನಲ್ಲೂ ಹಾಗೇ ಬಂದರೆ ಸ್ಪಿಂಡಲ್ಲೇ. ಡೆಕ್ ಹಿಂದಕ್ಕಿಂತ ಮುಂದೆ ಸ್ವಲ್ಪ ತಗ್ಗಿರಬೇಕು, ಎಷ್ಟು ಅಂತ ನಿನ್ನ ಮಷಿನ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ.

ಗುಮ್ಮಟದ_ಊರು
ಎಷ್ಟು ದಿನಕ್ಕೊಮ್ಮೆ ಸಾಣೆ ಹಿಡಿಯಬೇಕು ಅಂತ ಯಾರೂ ಹೇಳಿಲ್ಲ. ತಾಸಿನ ಲೆಕ್ಕ ಇಡಿ. 20ರಿಂದ 25 ತಾಸು ಓಡಿದ ಮೇಲೆ ಒಂದು ಸಲ, ಉಸುಕು ಹಾಕಿದ ತಿಂಗಳಲ್ಲಿ ಅದಕ್ಕೂ ಬೇಗ. ಕಲ್ಲಿಗೆ ಬಡಿದ ಸದ್ದು ಕೇಳಿದರೆ ಆಗಲೇ ನಿಲ್ಲಿಸಿ ನೋಡಿ. ನಾವು ಒಂದು ಜೋಡಿ ಬ್ಲೇಡ್ ಜಾಸ್ತಿ ಇಟ್ಟುಕೊಂಡಿದ್ದೇವೆ, ಒಂದು ಜೋಡಿ ಮಷಿನ್ನಿನಲ್ಲಿ, ಇನ್ನೊಂದು ಹರಿತವಾಗಿ ಗೋಡೆಯ ಮೇಲೆ. ಸಾಣೆಗಾಗಿ ಕೆಲಸ ನಿಲ್ಲುವುದಿಲ್ಲ.

ಮತ್ತೆ ಮಳೆಗಾಲದಲ್ಲಿ ಹುಲ್ಲು ಜಾಸ್ತಿ ಬೆಳೆದಿದ್ದರೆ ಒಂದೇ ಸಲಕ್ಕೆ ನೆಲಕ್ಕೆ ಇಳಿಸಬೇಡಿ. ಎತ್ತರದ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ, ಎರಡು ದಿನ ಬಿಟ್ಟು ಉಳಿದಿದ್ದು. ಬ್ಲೇಡಿಗೂ ಹಗುರ, ಹುಲ್ಲಿಗೂ ಹಗುರ.

ಮೈದಾನ_ಬೆಳಗಾವಿ
ಎಲ್ಲ ಆಯಿತು. ನಮ್ಮದು 6203, ಒಳ ವ್ಯಾಸ ಇಂಚಿನದೇ ಬಂತು. ಕಾಕಾ ಹೇಳದಿದ್ದರೆ ತಪ್ಪು ಬೇರಿಂಗ್ ತಂದು ಒಂದು ದಿನ ಹೋಗುತ್ತಿತ್ತು. ಕಾಕಾ ತಮ್ಮ ಪ್ರೆಸ್ಸಿನಲ್ಲಿ ಕೂರಿಸಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ, ಚಹಾ ಕೂಡ ಅವರೇ ಕುಡಿಸಿದರು.

ಹಳೆಯ ಬಲಗಡೆ ಬ್ಲೇಡಿನಲ್ಲಿ ದಪ್ಪ ಚೆನ್ನಾಗಿತ್ತು, ಅದರ ಮೇಲೆ ಕಾನಸ ಹಿಡಿದು ಅಭ್ಯಾಸ ಮಾಡಿದೆ. ಒಂದು ಬದಿಗೆ 40 ಸಲ, ಇನ್ನೊಂದು ಬದಿಗೆ 40 ಸಲ, ಎಣಿಸಿಕೊಂಡೇ. ಮೊಳೆಗೆ ಹಾಕಿದೆ. ಸ್ವಲ್ಪ ವಾಲಿತು, ಭಾರದ ಬದಿಗೆ ಇನ್ನೂ ಆರು ಸಲ ಉಜ್ಜಿದೆ, ನಿಂತಿತು. ಶೆಡ್ಡಿನ ಬಾಗಿಲಿನಿಂದ ಗಾಳಿ ಬಂದಾಗ ಮೆಲ್ಲಗೆ ತೂಗಿ ಮತ್ತೆ ಅಡ್ಡ ಗೆರೆಗೇ ಬಂದು ನಿಂತಿತು. ಅದನ್ನು ನೋಡುತ್ತಾ ಸುಮಾರು ಹೊತ್ತು ನಿಂತಿದ್ದೆ.

ನಿನ್ನೆ ಮಧ್ಯಾಹ್ನ ಮಳೆ ಬಿಟ್ಟಾಗ ಹೊಸ ಬ್ಲೇಡ್ ಹಾಕಿ ಕತ್ತರಿಸಿದೆ. ಸ್ಟೇರಿಂಗ್ ಹಿಡಿದರೆ ಎಂಜಿನ್ನಿನ ಸದ್ದು ಮಾತ್ರ ಗೊತ್ತಾಗುತ್ತದೆ, ಕೈಗೆ ನಡುಕ ಇಲ್ಲ. ಇವತ್ತು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಹೋಗಿ ಹುಲ್ಲಿನ ಎಲೆ ಕಿತ್ತು ನೋಡಿದೆ ಅಕ್ಕಾ. ರಿಬ್ಬನ್ ಹಾಗೆಯೇ ಇದೆ.

ಉದ್ಯಮಬಾಗ_ಫಿಟ್ಟರ್
ಸಂತೋಷ ಆಯಿತು ತಮ್ಮಾ. ಹೊಸ ಬ್ಲೇಡ್ ಹಾಕಿ ಮೊದಲ ಸಲ ಓಡಿಸಿದ ಮೇಲೆ ಬೋಲ್ಟಿಗೆ ಮತ್ತೆ ಪಾನಾ ಇಟ್ಟು ನೋಡಬೇಕು. ಪ್ಲಗ್ ವೈರ್ ತೆಗೆದು.

ಮೈದಾನ_ಬೆಳಗಾವಿ
ಈಗಷ್ಟೇ ವೈರ್ ತೆಗೆದು ನೋಡಿ ಬಂದೆ ಕಾಕಾ. ಎಡಗಡೆಯದು ಗಟ್ಟಿ ಇದೆ. ಬಲಗಡೆಯದು ಕಾಲು ಸುತ್ತು ತಿರುಗಿತು, ಬಿಗಿ ಮಾಡಿದೆ.